ಹಳೇ ಲ್ಯಾಪ್‌ಟಾಪು, ಒಂದು ಸಿಡಿ, ಪಪ್ಪಿ ಲಿನಕ್ಸ್

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಅಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಲ್ಯಾಪ್‌ಟಾಪ್ ನೋಡಿ. 2005ರ ಆಸುಪಾಸಿನದು. ಒಳಗಿರುವುದು ಪೆಂಟಿಯಮ್ ಎಂ ಪ್ರೊಸೆಸರ್. ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ) 512 ಎಂಬಿ ಇತ್ತು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ ಇನ್ನೊಂದು 512 ತಂದು ಹಾಕಿದ್ದೇನೆ. ಈಗ 1 ಜಿಬಿ. ಸಿಡಿ ಡ್ರೈವ್ ಚೆನ್ನಾಗಿದೆ. ಹಾರ್ಡ್ ಡಿಸ್ಕ್ ಇಲ್ಲ. ಕೆಟ್ಟಿತ್ತು, ಬಿಚ್ಚಿ ತೆಗೆದುಬಿಟ್ಟೆ. ನಂಬಿಕೆ ಬಾರದವರು ಆಮೇಲೆ ಬಂದು ಮಗುಚಿ ನೋಡಬಹುದು, ಆ ಜಾಗ ಖಾಲಿ ಇದೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಇದರಲ್ಲೇ ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡೋಣ. ಅದಕ್ಕೆ ಮುಂಚೆ ಒಂದು ಮಾತು. ಇವತ್ತು ನಾನು ಏನೇನೋ ಹೇಳುತ್ತೇನೆ, ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ: ಸಿಡಿ ಸುಮ್ನೆ ತಂದುಕೊಡುತ್ತದೆ, ನಡೆಯುವುದೆಲ್ಲ ರ‍್ಯಾಮ್‌ನಲ್ಲಿ. ಇದು ಅರ್ಥವಾದರೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಯಾವುದು ಸಲೀಸಾಗಿ ಆಗುತ್ತದೆ, ಯಾವುದು ಪ್ರಾಣ ಹಿಂಡುತ್ತದೆ ಅಂತ ನೀವೇ ಹೇಳಬಲ್ಲಿರಿ.

ಸಿಡಿ ಹಾಕಿ ಆನ್ ಮಾಡುತ್ತಿದ್ದೇನೆ. ಈ ಮಾದರಿಯಲ್ಲಿ ಎಫ್12 ಒತ್ತಿದರೆ ಯಾವುದರಿಂದ ಬೂಟ್ ಆಗಬೇಕು, ಅಂದರೆ ಶುರುವಾಗಬೇಕು, ಅಂತ ಕೇಳುತ್ತದೆ. ಕೆಲವು ಕಂಪನಿಗಳದ್ದರಲ್ಲಿ ಎಫ್9, ಇನ್ನು ಕೆಲವದರಲ್ಲಿ ಎಸ್ಕೇಪ್. ಸಿಡಿ ಆರಿಸಿದೆ. ಶಬ್ದ ಕೇಳಿಸ್ತಾ? ಡಿಸ್ಕ್ ತಿರುಗೋಕೆ ಶುರುವಾಯಿತು. ಇದಕ್ಕೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಸ್ವಲ್ಪ ಇತಿಹಾಸ ಹೇಳಿಬಿಡುತ್ತೇನೆ.

ಒಂದು ಕಾಲಕ್ಕೆ ಪಿಸಿಗಳು ಫ್ಲಾಪಿಯಿಂದ ಇಲ್ಲವೇ ಹಾರ್ಡ್ ಡಿಸ್ಕ್‌ನಿಂದ ಮಾತ್ರ ಶುರುವಾಗುತ್ತಿದ್ದವು. ಸಿಡಿಯಿಂದ ಬೂಟ್ ಆಗುವುದು ಹೇಗೆ ಅನ್ನೋದಕ್ಕೆ 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಸೇರಿ ಒಂದು ಕ್ರಮ ಗೊತ್ತು ಮಾಡಿದವು. ಅದರ ಹೆಸರು ಎಲ್ ಟೊರಿಟೊ. ಕ್ಯಾಲಿಫೋರ್ನಿಯಾದ ಅರ್ವೈನ್ ಅನ್ನೋ ಊರಲ್ಲಿ ಆ ಹೆಸರಿನ ಹೋಟೆಲ್ ಇತ್ತು, ಎಂಜಿನಿಯರುಗಳು ಅಲ್ಲಿ ಊಟಕ್ಕೆ ಕೂತು ಇದನ್ನು ಮಾತಾಡಿಕೊಂಡರಂತೆ. ಬೆಂಗಳೂರಲ್ಲಿ ಆಗಿದ್ದರೆ ಎಂಟಿಆರ್ ಅಂತ ಇಡುತ್ತಿದ್ದರೋ ಏನೋ. ಇವತ್ತಿಗೂ ಬೂಟ್ ಆಗುವ ಸಿಡಿ ಸುಡುವಾಗ (ಅಂದರೆ ಬರೆಯುವಾಗ) ನಡೆಯುವುದು ಅದೇ ಕ್ರಮ.

ಆಮೇಲೆ 2000ದಲ್ಲಿ ಜರ್ಮನಿಯ ಕ್ಲೌಸ್ ನೋಪರ್ ಅವರ ನಾಪಿಕ್ಸ್ ಬಂತು. ಹತ್ತಿರ ಹತ್ತಿರ 2 ಜಿಬಿ ಸಾಫ್ಟ್‌ವೇರನ್ನು ಒತ್ತಿ 700 ಎಂಬಿ ಸಿಡಿಯೊಳಗೆ ತುಂಬಿದ್ದರು. ಏನೂ ಇನ್‌ಸ್ಟಾಲ್ ಮಾಡದೆ ಪೂರ್ತಿ ಲಿನಕ್ಸ್, ಅಂದರೆ ವಿಂಡೋಸ್ ಥರದ್ದೇ ಆದರೆ ಮುಕ್ತವಾದ ಆಪರೇಟಿಂಗ್ ಸಿಸ್ಟಂ, ಎದುರಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಕಡೆ ಆಗ ಇಂಟರ್ನೆಟ್ಟು ಡಯಲ್‌ಅಪ್, 700 ಎಂಬಿ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳೇ ಗತಿ. 2005ರಿಂದ ಉಬುಂಟು ಅನ್ನೋ ಇನ್ನೊಂದು ಲಿನಕ್ಸ್‌ನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು, 2011ಕ್ಕೆ ನಿಲ್ಲಿಸಿದರು. ಇಲ್ಲಿರುವ ಕೆಲವರ ಮನೆಯಲ್ಲಿ ಆ ಕಾಗದದ ಲಕೋಟೆ ಇನ್ನೂ ಇರಬೇಕು, ಅಲ್ವಾ?

ನಾನು ಈಗ ಹಾಕಿರುವುದು ಉಬುಂಟು ಅಲ್ಲ. ಇದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬವರು 2003ರಲ್ಲಿ ಶುರು ಮಾಡಿದ್ದು. ಅವರ ಮನೆಯ ಚಿವಾವಾ ನಾಯಿಯೇ ಇದರ ಗುರುತು. ಹಳೇ ಯಂತ್ರದಲ್ಲೂ ಓಡಬೇಕು, ಚಿಕ್ಕದಾಗಿರಬೇಕು, ಸಾಧ್ಯವಾದರೆ ಪೂರ್ತಿ ರ‍್ಯಾಮ್‌ನಲ್ಲಿ ಕೂರಬೇಕು, ಇಷ್ಟೇ ಅವರ ಹಟ. ಹತ್ತು ವರ್ಷ ನಡೆಸಿ ಆಮೇಲೆ ಬಳಗದವರ ಕೈಗೆ ಕೊಟ್ಟರು.

ಪಪ್ಪಿ ಅಂದರೆ ಒಂದೇ ಅಲ್ಲ, ಹಲವು ಇವೆ. ವೂಫ್ ಅನ್ನೋ ಸಲಕರಣೆ ಇದೆ. ಅದು ಬೇರೆ ಲಿನಕ್ಸ್‌ಗಳ, ಅಂದರೆ ಉಬುಂಟುದೋ ಡೆಬಿಯನ್‌ದೋ ಸ್ಲ್ಯಾಕ್‌ವೇರ್‌ದೋ, ಪ್ಯಾಕೇಜುಗಳನ್ನು ತೆಗೆದುಕೊಂಡು ಪಪ್ಪಿ ಕಟ್ಟಿಕೊಡುತ್ತದೆ. ಈ ಸಿಡಿಯಲ್ಲಿರುವುದು ತಾರ್‌ಪಪ್ಪಿ, ಉಬುಂಟು 14.04ರ ಪ್ಯಾಕೇಜುಗಳಿಂದ ಕಟ್ಟಿದ್ದು. ಪೂರ್ತಿ ಐಎಸ್‌ಒ (ಇಡೀ ಸಿಡಿಯ ಪಡಿಯಚ್ಚು ಇರುವ ಒಂದೇ ಫೈಲು) 200 ಎಂಬಿ ಆಸುಪಾಸು. ಹಳತು ಅಂತ ನನಗೂ ಗೊತ್ತು. ಯಾಕೆ ಇದನ್ನೇ ಆರಿಸಿದೆ ಅಂತ ಮುಂದೆ ಹೇಳುತ್ತೇನೆ.

ಈಗ ಪರದೆ ನೋಡಿ. ಸಾಲು ಸಾಲಾಗಿ ಏನೋ ಬರುತ್ತಿದೆ, ಒಂದು ಸಾಲಿನಲ್ಲಿ ರ‍್ಯಾಮ್‌ಗೆ ಕಾಪಿ ಆಗ್ತಿದೆ ಅಂತಿದೆ. ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ. ಯಾಕೆ ಗೊತ್ತಾ? ಸಿಡಿ ಡ್ರೈವ್ ಮೇಲೆ 24 ಎಕ್ಸ್ ಅಂತ ಬರೆದಿರುತ್ತದೆ. ಒಂದು ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. ಹಾಗಾದರೆ 24ಕ್ಕೆ 3.6 ಎಂಬಿ. ಆದರೆ ಆ ವೇಗ ಸಿಗುವುದು ಡಿಸ್ಕ್‌ನ ಹೊರ ಅಂಚಿನಲ್ಲಿ. ಸಿಡಿಯನ್ನು ಬರೆಯುವುದು ಒಳಗಿನಿಂದ ಹೊರಕ್ಕೆ, ಮತ್ತು ಒಳಸುತ್ತಿನಲ್ಲಿ ಓದುವ ವೇಗ ಅದರ ಅರ್ಧಕ್ಕಿಂತ ಕಡಿಮೆ. 200 ಎಂಬಿಯ ಪಪ್ಪಿ ಪೂರ್ತಿ ಕೂತಿರುವುದು ಆ ಒಳಸುತ್ತಿನಲ್ಲೇ. ಹಾಗಾಗಿ ಎರಡು ನಿಮಿಷ.

ಬಂತು! ಬೊಗಳಿದ್ದು ಕೇಳಿಸಿತಾ? ಲ್ಯಾಪ್‌ಟಾಪಿನ ಸ್ಪೀಕರ್ ಸರಿ ಇದೆ ಅನ್ನೋದಕ್ಕೆ ಅದೇ ಸಾಕ್ಷಿ.

ಈಗ ಮುಖ್ಯವಾದದ್ದನ್ನು ತೋರಿಸುತ್ತೇನೆ. ಸಿಡಿ ಟ್ರೇ ತೆಗೆದೆ. ಸಿಡಿ ಕೈಯಲ್ಲಿದೆ. ಹಾರ್ಡ್ ಡಿಸ್ಕ್ ಮೊದಲೇ ಇಲ್ಲ. ಇಲ್ಲಿ ಅಬಿವರ್ಡ್, ಅಂದರೆ ಪತ್ರ ಬರೆಯುವ ತಂತ್ರಾಂಶ, ಒತ್ತುತ್ತೇನೆ... ಬಂದೇಬಿಟ್ಟಿತು. ಜಿನ್ಯೂಮೆರಿಕ್, ಅಂದರೆ ಲೆಕ್ಕ ಹಾಕುವ ಶೀಟು. ಅದೂ ಬಂತು. ಪಪ್ಪಿಯಲ್ಲಿ ಎರಡು ಸಲ ಕ್ಲಿಕ್ ಮಾಡಬೇಕಿಲ್ಲ, ಒಂದೇ ಸಾಕು. ರೂಢಿ ಇಲ್ಲದವರಿಗೆ ಎರಡೆರಡು ಕಿಟಕಿ ತೆರೆದುಕೊಳ್ಳುತ್ತವೆ, ಗಾಬರಿ ಬೇಡ.

ಇಪ್ಪತ್ತು ವರ್ಷದ ಯಂತ್ರ ಇಷ್ಟು ಚುರುಕಾಗಿ ಇರಲು ಕಾರಣ ಏನು? ಅಡುಗೆಗೆ ಬೇಕಾದ ಸಾಮಾನನ್ನೆಲ್ಲ ಅಟ್ಟದಿಂದ ಒಮ್ಮೆಲೇ ಇಳಿಸಿ ಒಲೆ ಪಕ್ಕ ಇಟ್ಟುಕೊಂಡ ಹಾಗೆ. ಹಳೇ ಲ್ಯಾಪ್‌ಟಾಪ್ ನಿಧಾನ ಅಂತ ನಾವು ಬೈಯುವಾಗ ತಪ್ಪು ಬಹಳ ಸಲ ಪ್ರೊಸೆಸರ್‌ದಲ್ಲ, ಹಾರ್ಡ್ ಡಿಸ್ಕ್‌ದು. ಒಳಗೆ ತಟ್ಟೆ ತಿರುಗಬೇಕು, ಸೂಜಿ ಜಾಗ ಹುಡುಕಬೇಕು. ಒಂದೊಂದು ಹುಡುಕಾಟಕ್ಕೂ ಹತ್ತು ಮಿಲಿಸೆಕೆಂಡಿನಷ್ಟು. ಸಿಡಿಯಲ್ಲಾದರೆ ಅದರ ಹತ್ತು ಪಟ್ಟು. ರ‍್ಯಾಮ್‌ಗೆ ಬಂದ ಮೇಲೆ ಆ ಕಾಯುವಿಕೆಯೇ ಇಲ್ಲ.

ಇಲ್ಲಿ ಇನ್ನೊಂದು ಜಾಣತನ ಇದೆ. ಸಿಡಿಯಲ್ಲಿರುವ ದೊಡ್ಡ ಫೈಲು ಸ್ಕ್ವಾಷ್‌ಎಫ್‌ಎಸ್ ಅನ್ನೋ ರೀತಿಯಲ್ಲಿ ಒತ್ತಿಟ್ಟದ್ದು. ರ‍್ಯಾಮ್‌ಗೆ ಬರುವಾಗಲೂ ಅದು ಒತ್ತಿದ ಹಾಗೇ ಬರುತ್ತದೆ. ಯಾವುದು ಬೇಕೋ ಆ ತುಣುಕು ಮಾತ್ರ ಆಗ ಬಿಚ್ಚಿಕೊಳ್ಳುತ್ತದೆ. ಅದಕ್ಕೇ 1 ಜಿಬಿಯಲ್ಲೂ ಜಾಗ ಉಳಿಯುತ್ತದೆ. ಆ ಫೈಲನ್ನು ಯಾರೂ ಬದಲಾಯಿಸಲು ಆಗುವುದಿಲ್ಲ. ನೀವು ಮಾಡುವ ಬದಲಾವಣೆಯೆಲ್ಲ ಅದರ ಮೇಲೆ ಹಾಸಿದ ಇನ್ನೊಂದು ಪದರದಲ್ಲಿ ಸೇರುತ್ತದೆ. ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಆ ಮೇಲಿನ ಪದರ ಇರುವುದೂ ರ‍್ಯಾಮ್‌ನಲ್ಲೇ.

ರ‍್ಯಾಮ್ ಕಡಿಮೆ ಇದ್ದರೆ? ಪಪ್ಪಿಯೇ ಲೆಕ್ಕ ನೋಡಿ ಕಾಪಿ ಮಾಡುವುದನ್ನು ಬಿಡುತ್ತದೆ. ಆಗ ಸಿಡಿ ಒಳಗೇ ಇರಬೇಕು, ಪ್ರತಿ ಸಲ ಏನಾದರೂ ತೆರೆದಾಗ ಡಿಸ್ಕ್ ಗುರ್ ಅಂತ ತಿರುಗುತ್ತದೆ. ಕೆಲಸ ಆಗುತ್ತದೆ, ಆದರೆ ಇವತ್ತು ನೀವು ನೋಡಿದ ಸುಖ ಇರುವುದಿಲ್ಲ. ಹಳೇ ಲ್ಯಾಪ್‌ಟಾಪ್‌ಗೆ ಏನಾದರೂ ದುಡ್ಡು ಹಾಕುವುದಿದ್ದರೆ ಮೊದಲು ರ‍್ಯಾಮ್‌ಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ.

ಸರಿ, ಕನ್ನಡ ಪತ್ರ. ವೈಫೈ ಸೇರಿಸಿದೆ, ಬ್ರೌಸರ್ ತೆರೆದು ಕನ್ನಡ ವಿಕಿಪೀಡಿಯ ಹೊಡೆದೆ. ನೋಡಿ, ಪುಟ ಬರಲಿಲ್ಲ. ಭದ್ರತೆಯ ತೊಂದರೆ ಅಂತ ದೊಡ್ಡ ಎಚ್ಚರಿಕೆ. ಬಹಳ ಜನ ಇಲ್ಲಿಗೇ ಕೈ ಬಿಡುತ್ತಾರೆ. ಕೆಳಗಿನ ಮೂಲೆಯಲ್ಲಿ ಗಡಿಯಾರ ನೋಡಿ. ಬೇಕಂತಲೇ ಸರಿ ಮಾಡದೆ ಬಿಟ್ಟಿದ್ದೇನೆ. ಇಸವಿ ಎಷ್ಟೋ ಹಿಂದಿನದು ತೋರಿಸುತ್ತಿದೆ. ಲ್ಯಾಪ್‌ಟಾಪ್‌ನೊಳಗೆ ನಾಣ್ಯದ ಆಕಾರದ ಪುಟ್ಟ ಬ್ಯಾಟರಿ ಇರುತ್ತದೆ, ಆಫ್ ಮಾಡಿದಾಗಲೂ ದಿನಾಂಕ ನೆನಪಿಡುವುದು ಅದೇ. ಹಳೇ ಯಂತ್ರಗಳಲ್ಲಿ ಅದು ಸತ್ತಿರುತ್ತದೆ. ಜಾಲತಾಣದ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇದೆ. ಯಂತ್ರ ತಾನು ಇನ್ನೂ ಹಳೇ ವರ್ಷದಲ್ಲಿದ್ದೇನೆ ಅಂದುಕೊಂಡರೆ ಯಾವ ಪತ್ರವೂ ಚಾಲ್ತಿಗೆ ಬಂದೇ ಇಲ್ಲ. ದಿನಾಂಕ ಸರಿ ಮಾಡಿದೆ. ಮತ್ತೆ ತೆರೆದೆ. ಪುಟ ಬಂತು.

ಬಂತು, ಆದರೆ ಅಕ್ಷರದ ಬದಲು ಬರೀ ಡಬ್ಬಿಗಳು. ಪಪ್ಪಿಯನ್ನು ಚಿಕ್ಕದಾಗಿ ಇಡಬೇಕಲ್ಲ, ಕನ್ನಡದ ಫಾಂಟ್ ಇದರಲ್ಲಿ ಇಲ್ಲ. ಪೆನ್‌ಡ್ರೈವ್‌ನಲ್ಲಿ ಲೋಹಿತ್ ಕನ್ನಡ ಇಟ್ಟುಕೊಂಡಿದ್ದೇನೆ. ನೋಟೊ ಆದರೂ ಆಗುತ್ತದೆ, ಗುಬ್ಬಿ ಅಥವಾ ನವಿಲು ಆದರೂ ಆಗುತ್ತದೆ. ಎಲ್ಲವೂ ಮುಕ್ತ ಫಾಂಟುಗಳು, ಪುಕ್ಕಟೆ. ಫಾಂಟ್ ಫೈಲನ್ನು ಫಾಂಟುಗಳ ಫೋಲ್ಡರಿಗೆ ಎಳೆದು ಹಾಕಿದೆ. ಬ್ರೌಸರ್ ಮುಚ್ಚಿ ತೆರೆದೆ. ಈಗ ಓದಿ.

ಟೈಪ್ ಮಾಡುವುದಕ್ಕೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತ ಆರಿಸಿ, ಅದರೊಳಗೆ ಕನ್ನಡ ಕಗಪ ಆರಿಸಬೇಕು. ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಕೆ, ಎಫ್, ಕೆ ಒತ್ತಿದರೆ ಕ್ಕ. ತುಂಬಾ ಹಳೇ ಪಪ್ಪಿಗಳಲ್ಲಿ ಈ ವಿನ್ಯಾಸ ಸಿಗಲಿಕ್ಕಿಲ್ಲ, ಆಗ ಸರಕಾರಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಇರುತ್ತದೆ.

ಪತ್ರ ಆಯಿತು. ಈಗ ಲ್ಯಾಪ್‌ಟಾಪ್ ಆಫ್ ಮಾಡಿದರೆ ಏನಾಗುತ್ತದೆ? ಹಿಂದಿನ ಸಾಲಿನಿಂದ ಉತ್ತರ ಬಂತು: ಎಲ್ಲ ಹೋಗುತ್ತೆ. ಹೌದು. ಪತ್ರ, ಫಾಂಟು, ವೈಫೈ ಪಾಸ್‌ವರ್ಡು, ಎಲ್ಲವೂ ಹೋಗುತ್ತದೆ. ರ‍್ಯಾಮ್‌ಗೆ ಕರೆಂಟ್ ಇರುವವರೆಗೆ ಮಾತ್ರ ನೆನಪು.

ಅದಕ್ಕೇ ಮೊದಲ ಸಲ ಆಫ್ ಮಾಡುವಾಗ ಪಪ್ಪಿ ಕೇಳುತ್ತದೆ, ಇದನ್ನೆಲ್ಲ ಉಳಿಸಲಾ ಅಂತ. ಹೌದು ಅಂದರೆ ಆ ಮೇಲಿನ ಪದರವನ್ನು ಒಂದು ಫೈಲಾಗಿ ಬರೆದಿಡುತ್ತದೆ. ಹಾರ್ಡ್ ಡಿಸ್ಕ್ ಇದ್ದರೆ ಅದರ ಮೇಲೆ, ವಿಂಡೋಸ್ ಪಕ್ಕದಲ್ಲೇ ಸುಮ್ನೆ ಇನ್ನೊಂದು ಫೈಲ್ ಥರ ಕೂರುತ್ತದೆ. ನನ್ನ ಹಾಗೆ ಹಾರ್ಡ್ ಡಿಸ್ಕ್ ಇಲ್ಲದಿದ್ದರೆ ಪೆನ್‌ಡ್ರೈವ್ ಮೇಲೆ. ಮುಂದಿನ ಸಲ ಸಿಡಿಯಿಂದ ಶುರುವಾದಾಗ ಪಪ್ಪಿ ಆ ಫೈಲನ್ನು ತಾನೇ ಹುಡುಕಿ ಎತ್ತಿಕೊಳ್ಳುತ್ತದೆ.

ಪಪ್ಪಿಯ ಇನ್ನೊಂದು ಚಮತ್ಕಾರ ಬೇರೆ ಲಿನಕ್ಸ್‌ಗಳಲ್ಲಿ ಅಪರೂಪ. ಬರೆಯಬಲ್ಲ ಡ್ರೈವ್ ಇದ್ದು, ಸಿಡಿಯನ್ನು ಮುಚ್ಚದೆ ಮಲ್ಟಿಸೆಷನ್ ಆಗಿ, ಅಂದರೆ ಆಮೇಲೂ ಸೇರಿಸಿ ಬರೆಯಲು ಬರುವ ಹಾಗೆ, ಸುಟ್ಟಿದ್ದರೆ, ಉಳಿಸಿದ್ದನ್ನು ಅದೇ ಡಿಸ್ಕ್‌ನ ಖಾಲಿ ಜಾಗದಲ್ಲಿ ಬರೆಯುತ್ತದೆ. ಪ್ರತಿ ಸಲಕ್ಕೂ ದಿನಾಂಕ ಹೊತ್ತ ಹೊಸ ಫೋಲ್ಡರ್. ನಿಮ್ಮ ಇಡೀ ಕಂಪ್ಯೂಟರ್ ಒಂದು ಡಿವಿಡಿಯಲ್ಲಿ ಜೇಬಿಗೆ ಬಂತು. ಕಲ್ಪನೆ ಚೆಂದ, ಆದರೆ ನಾನಂತೂ ದಿನಬಳಕೆಗೆ ಹೇಳುವುದಿಲ್ಲ. ಸೆಷನ್ ಜಾಸ್ತಿಯಾದಷ್ಟೂ ಶುರುವಾಗುವುದು ನಿಧಾನ, ಹಳೇ ಲೇಸರ್ ಒಂದು ಕಡೆ ಎಡವಿದರೆ ಹೋಯಿತು. ಪೆನ್‌ಡ್ರೈವೇ ವಾಸಿ.

ಉಳಿಸದೇ ಇರುವುದರಲ್ಲೂ ಒಂದು ಲಾಭ ಇದೆ. ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವರು ಕೇಳಿಸಿಕೊಳ್ಳಿ. ಬೂಟ್ ಆಗುವ ಹೊತ್ತಿಗೆ ‘ಪಪ್ಪಿ ಪಿಫಿಕ್ಸ್’ (puppy pfix) ಅಂತ ಬರೆದು, ಸಮ ಚಿಹ್ನೆ ಹಾಕಿ, ‘ರ‍್ಯಾಮ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಉಳಿಸಿದ ಫೈಲನ್ನು ಮುಟ್ಟುವುದೇ ಇಲ್ಲ. ಮಕ್ಕಳು ಐಕಾನ್ ಅಳಿಸಲಿ, ಸೆಟ್ಟಿಂಗ್ ಕೆಡಿಸಲಿ, ಮೆನು ಮಾಯ ಮಾಡಲಿ. ಆಫ್ ಮಾಡಿ ಆನ್ ಮಾಡಿದರೆ ಮೊದಲಿನ ಹಾಗೇ. ಇನ್ನೊಬ್ಬರ ಯಂತ್ರ ಹಾಳಾಗುತ್ತೆ ಅನ್ನೋ ಭಯವಿಲ್ಲದೆ ಕೈಯಾಡಿಸಿದರೇ ಕಲಿಯುವುದು.

ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಫೋಟೊ ಎಲ್ಲ ಒಳಗಿದೆ ಅಂತ ಫೋನ್ ಬಂದಾಗ ನಾನು ಮೊದಲು ತೆಗೆಯುವುದೂ ಈ ಸಿಡಿಯನ್ನೇ. ವಿಂಡೋಸ್ ಕೆಟ್ಟಿದ್ದರೂ ಹಾರ್ಡ್ ಡಿಸ್ಕ್‌ನಲ್ಲಿ ಫೈಲುಗಳು ಇರುತ್ತವೆ. ಪಪ್ಪಿ ಬಂದ ಮೇಲೆ ಡಿಸ್ಕ್‌ಗಳೆಲ್ಲ ಪರದೆಯ ಕೆಳಗೆ ಪುಟ್ಟ ಐಕಾನುಗಳಾಗಿ ಕಾಣುತ್ತವೆ. ಒಂದು ಕ್ಲಿಕ್, ತೆರೆಯಿತು. ಎಳೆದು ಪೆನ್‌ಡ್ರೈವ್‌ಗೆ ಹಾಕಿ. ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮಾತ್ರ ಪೂರ್ತಿ ಕಾಪಿಗೆ ಹೋಗಬೇಡಿ. ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದನ್ನು ಮೊದಲು ತೆಗೆಯಿರಿ. ಮದುವೆ ಫೋಟೊ ಮೊದಲು, ಸಿನಿಮಾ ಕೊನೆಗೆ. ವಿಂಡೋಸ್ 8, 10 ಇದ್ದ ಯಂತ್ರವಾದರೆ ಡಿಸ್ಕ್ ಓದಲು ಮಾತ್ರ ಬಿಡಬಹುದು, ಬರೆಯಲು ಬಿಡದೆ ಇರಬಹುದು. ಅದರಲ್ಲಿ ಆಫ್ ಮಾಡಿದರೂ ಅರ್ಧ ನಿದ್ದೆಯಲ್ಲಿರುವ ಏರ್ಪಾಡು ಇದೆ. ನಮಗೆ ಬೇಕಿರುವುದು ಓದುವುದೇ ತಾನೇ.

ಈಗ ಕಹಿ ಸುದ್ದಿ. ಬ್ರೌಸರ್.

ಪಪ್ಪಿ ಎಷ್ಟೇ ಹಗುರ ಇರಲಿ, ಇವತ್ತಿನ ಜಾಲತಾಣಗಳು ಹಗುರ ಇಲ್ಲ. ಡೆಸ್ಕ್‌ಟಾಪ್ ಪೂರ್ತಿ ತೆರೆದಾಗ ಬಳಸಿದ ಮೆಮೊರಿಗಿಂತ ಒಂದು ದೊಡ್ಡ ಸುದ್ದಿ ತಾಣದ ಪುಟ ಜಾಸ್ತಿ ತಿನ್ನುತ್ತದೆ. ಎಲ್ಲವೂ ರ‍್ಯಾಮ್‌ನಲ್ಲಿ ಅಂದೆನಲ್ಲ, ಆ ಸುಖದ ಬೆಲೆ ಇದು. ರ‍್ಯಾಮ್ ತುಂಬಿತೋ, ಸ್ವಾಪ್ (ಮೆಮೊರಿ ಸಾಲದಾಗ ಬಳಸಲು ಡಿಸ್ಕ್‌ನಲ್ಲಿ ಬಿಟ್ಟ ಜಾಗ) ಇಲ್ಲದಿದ್ದರೆ ಯಂತ್ರ ಅಲ್ಲೇ ಗಕ್ಕನೆ ನಿಲ್ಲುತ್ತದೆ. ವಿಕಿಪೀಡಿಯದಂಥ ಸರಳ ಪುಟಗಳು, ಒಂದೇ ಟ್ಯಾಬ್, ಇಷ್ಟಕ್ಕೆ ಆಗುತ್ತದೆ. ಯೂಟ್ಯೂಬ್ ಬೇಡ. ಈ ಕಾಲದ ವಿಡಿಯೊ ಬಿಚ್ಚಲು ಬೇಕಾದ ಸಹಾಯ ಹಳೇ ಗ್ರಾಫಿಕ್ಸ್ ಚಿಪ್‌ನಲ್ಲಿ ಇಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ. ಅದೇ ವಿಡಿಯೊವನ್ನು 480ರ ಗಾತ್ರದಲ್ಲಿ ಪೆನ್‌ಡ್ರೈವ್‌ಗೆ ತಂದು ಪ್ಲೇಯರ್‌ನಲ್ಲಿ ಹಾಕಿದರೆ ಚೆನ್ನಾಗಿ ಓಡುತ್ತದೆ. ಹಾಡು ಕೇಳುವುದು, ಪಿಡಿಎಫ್ ಓದುವುದು, ಬರೆಯುವುದು, ಲೆಕ್ಕ ಇಡುವುದು, ಪ್ರೋಗ್ರಾಮಿಂಗ್ ಕಲಿಯುವುದು, ಇದಕ್ಕೆಲ್ಲ ಏನೂ ತೊಂದರೆ ಇಲ್ಲ. ಬರೆಯುವವರಿಗಂತೂ ಬ್ರೌಸರ್ ಸರಿಯಾಗಿ ಓಡದ ಲ್ಯಾಪ್‌ಟಾಪ್‌ನಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ತಾರ್‌ಪಪ್ಪಿಯನ್ನೇ ಯಾಕೆ ಆರಿಸಿದೆ ಅಂತ ಹೇಳುತ್ತೇನೆ ಅಂದಿದ್ದೆ. ಪೆಂಟಿಯಮ್ ಎಂ ಪ್ರೊಸೆಸರುಗಳಲ್ಲಿ ಒಂದು ವಿಚಿತ್ರ ಇದೆ. ಪಿಎಇ ಅಂತ ಒಂದು ಸೌಲಭ್ಯ, 4 ಜಿಬಿಗಿಂತ ಜಾಸ್ತಿ ಮೆಮೊರಿ ಮುಟ್ಟಲು ಬೇಕಾದದ್ದು. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಹಳೇ ಪೀಳಿಗೆಯ 32 ಬಿಟ್ ಪ್ರೊಸೆಸರುಗಳಿಗೆ ಬರುವ ಈಚಿನ ಕರ್ನಲ್‌ಗಳಲ್ಲಿ ಹೆಚ್ಚಿನವು ಅದು ಇದ್ದರೆ ಮಾತ್ರ ಶುರುವಾಗುತ್ತವೆ. ಉಬುಂಟು 2012ರಲ್ಲೇ ಪಿಎಇ ಇಲ್ಲದ ಕರ್ನಲ್ ಕೈಬಿಟ್ಟಿತು. ಆ ಕಾಲದ ಎಷ್ಟೋ ಪೆಂಟಿಯಮ್ ಎಂ ಚಿಪ್‌ಗಳಲ್ಲಿ ಈ ಸೌಲಭ್ಯ ಇದೆ, ಆದರೆ ಇದೆ ಅಂತ ಅವು ಹೇಳಿಕೊಳ್ಳುವುದಿಲ್ಲ! ಕರ್ನಲ್ ಕೇಳುತ್ತದೆ, ಚಿಪ್ ಸುಮ್ಮನಿರುತ್ತದೆ, ಬೂಟ್ ನಿಂತುಹೋಗುತ್ತದೆ. ಅಂಥ ಕಡೆ ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ (forcepae) ಅಂತ ಸೇರಿಸಿ ಬಲವಂತ ಮಾಡಬಹುದು. ಇಲ್ಲವೇ ತಾರ್‌ಪಪ್ಪಿಯಲ್ಲಿ ಪಿಎಇ ಕೇಳದ ಆವೃತ್ತಿಯೇ ಬೇರೆ ಇದೆ. ನಾನು ಸುಟ್ಟಿರುವುದು ಅದನ್ನೇ. ನಿಮ್ಮದು ಇದಕ್ಕಿಂತ ಹೊಸತು, 64 ಬಿಟ್ ಪ್ರೊಸೆಸರ್, 2 ಜಿಬಿ ರ‍್ಯಾಮ್ ಇದ್ದರೆ ತಾರ್ ಬೇಡವೇ ಬೇಡ. 2020ರ ಫೊಸಾಪಪ್ ತೆಗೆದುಕೊಳ್ಳಿ, ಅಥವಾ ಅದಕ್ಕೂ ಈಚಿನ ಬುಕ್‌ವರ್ಮ್‌ಪಪ್. 32 ಬಿಟ್‌ನವರ ದಾರಿ ವರ್ಷ ವರ್ಷ ಕಿರಿದಾಗುತ್ತಿದೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಬಿಟ್ಟಿತು.

ಇನ್ನು ಪ್ರಶ್ನೆಗಳು.

ಬ್ಯಾಂಕ್ ಕೆಲಸ ಮಾಡಬಹುದಾ ಅಂತ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ಒಳ್ಳೇ ಪ್ರಶ್ನೆ ಸಾರ್. ಒಂದು ಕಾಲಕ್ಕೆ ಇದಕ್ಕೇ ಲೈವ್ ಸಿಡಿ, ಅಂದರೆ ಹೀಗೆ ಇನ್‌ಸ್ಟಾಲ್ ಮಾಡದೆ ಓಡುವ ಸಿಡಿ, ಬಳಸಿ ಅನ್ನುತ್ತಿದ್ದರು. 2009ರಲ್ಲಿ ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಹಾಗೇ ಬರೆದಿದ್ದರು, ಸಿಡಿಯಲ್ಲಿ ವೈರಸ್ ಬಂದು ಕೂರಲು ಜಾಗವೇ ಇಲ್ಲ ಅಂತ. ಆ ಮಾತು ಈಗಲೂ ನಿಜ. ಆದರೆ ಸಿಡಿಯಲ್ಲಿರುವ ಬ್ರೌಸರ್‌ಗೂ ಅದೇ ಕಟ್ಟು, ಅದನ್ನು ಸುಟ್ಟ ದಿನಕ್ಕೇ ಅದು ನಿಂತಿರುತ್ತದೆ. ಆಮೇಲೆ ಸಿಕ್ಕ ದೋಷಗಳ ರಿಪೇರಿ ಅದರಲ್ಲಿ ಇಲ್ಲ. ಮೇಲಾಗಿ ಪಪ್ಪಿಯಲ್ಲಿ ನೀವು ರೂಟ್ ಆಗಿಯೇ ಇರುತ್ತೀರಿ, ಅಂದರೆ ಎಲ್ಲದಕ್ಕೂ ಅಧಿಕಾರ. ಒಬ್ಬರೇ ಬಳಸುವ ಯಂತ್ರಕ್ಕೆ ಸಾಕು ಅಂತ ಪಪ್ಪಿ ಬಳಗದವರ ವಾದ, ಜಗಳ ಇನ್ನೂ ಮುಗಿದಿಲ್ಲ. ಈ ಹಳೇ ತಾರ್‌ನಲ್ಲಿ ಬ್ಯಾಂಕ್ ಬೇಡ ಸಾರ್.

ಸಿಡಿ ಸುಟ್ಟೆ, ಬೂಟ್ ಆಗಲಿಲ್ಲ ಅಂತ ಒಬ್ಬ ಹುಡುಗ ತಂದು ತೋರಿಸಿದ. ಹಾಕಿ ನೋಡಿದರೆ ಡಿಸ್ಕ್‌ನಲ್ಲಿ ಒಂದೇ ಒಂದು ಐಎಸ್‌ಒ ಫೈಲ್. ಇದು ಎಲ್ಲ ಕಡೆ ಆಗುವುದೇ. ಫೈಲ್ ಕಾಪಿ ಮಾಡುವುದಲ್ಲ, ‘ಬರ್ನ್ ಇಮೇಜ್’ ಅಂತ ಬೇರೆ ಆಯ್ಕೆ ಇರುತ್ತದೆ, ಅದನ್ನು ಒತ್ತಬೇಕು. ಆದಷ್ಟು ಕಡಿಮೆ ವೇಗದಲ್ಲಿ ಸುಡಿ. ಹಳೇ ಡ್ರೈವ್‌ಗಳ ಕಣ್ಣು ಮಂಜಾಗಿರುತ್ತದೆ.

ಸಿಡಿ ಡ್ರೈವೇ ಕೆಟ್ಟಿದ್ದರೆ ಏನು ಮಾಡೋದು ಅಂತ ಇನ್ನೊಬ್ಬರು. ಯುಎಸ್‌ಬಿಯಿಂದ ಬೂಟ್ ಆದರೆ ಪೆನ್‌ಡ್ರೈವ್‌ಗೇ ಬರೆದುಕೊಳ್ಳಿ. ಅದೂ ಆಗದಿದ್ದರೆ, ಹಾರ್ಡ್ ಡಿಸ್ಕ್ ಸರಿ ಇದ್ದರೆ, ಸಿಡಿಯಲ್ಲಿರುವ ಆ ನಾಲ್ಕಾರು ಫೈಲುಗಳನ್ನೇ ಒಂದು ಫೋಲ್ಡರಿಗೆ ಹಾಕಿ ಅಲ್ಲಿಂದ ಶುರುವಾಗುವ ಹಾಗೆ ಮಾಡಬಹುದು. ಇದಕ್ಕೆ ಫ್ರೂಗಲ್ ಇನ್‌ಸ್ಟಾಲ್ ಅನ್ನುತ್ತಾರೆ, ವಿಂಡೋಸ್ ಅಳಿಸಬೇಕಿಲ್ಲ.

ಮನೆಯಿಂದ ಲ್ಯಾಪ್‌ಟಾಪ್ ತಂದಿರುವವರು ಈಗ ಮುಂದೆ ಬನ್ನಿ. ಸುಟ್ಟ ಡಿಸ್ಕ್‌ಗಳು ಆ ಡಬ್ಬಿಯಲ್ಲಿವೆ. ಆದರೆ ಆನ್ ಮಾಡುವ ಮುಂಚೆ ಮಗುಚಿ ಬ್ಯಾಟರಿ ನೋಡಿ. ಎಷ್ಟೋ ವರ್ಷ ಬೀರುವಿನಲ್ಲಿದ್ದ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚಾರ್ಜ್‌ಗೂ ಹಾಕಬೇಡಿ, ಮೆಲ್ಲಗೆ ಕಳಚಿ ಪಕ್ಕಕ್ಕಿಡಿ. ಆ ಕಾಲದ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಬರೀ ಚಾರ್ಜರ್‌ನಲ್ಲೇ ಓಡುತ್ತವೆ. ಪ್ಲಗ್ ಪಾಯಿಂಟ್ ಆ ಗೋಡೆಯ ಕಡೆ ಮೂರೇ ಇವೆ, ಒಬ್ಬೊಬ್ಬರಾಗಿ ಬನ್ನಿ.